ನೀಲಿಯಕ್ಕನ ಹದಿಮೂರು ಹನಿ

ಉಗುಳಿಗೆ ಯಾರೂ ಬೆಲೆ ಕೊಡುವುದಿಲ್ಲ. ಆಗದವರ ಮುಖಕ್ಕೆ, ಮೆಟ್ಟಿಲಿನ ಮೂಲೆಗೆ, ಓಡುವ ಬಸ್ಸಿನ ಕಿಟಕಿಯಿಂದಾಚೆಗೆ ಅದು ಹೋಗುತ್ತದೆ. ಆದರೆ ಆ ಕಾಲೇಜಿನ ಹಿಂಬದಿಯ ಪ್ರಯೋಗಾಲಯದಲ್ಲಿ ಎರಡು ವರ್ಷ ಕಾಲ ನಲವತ್ತು ಹೆಂಗಸರ ಉಗುಳನ್ನು ನಂಬರು, ತಾರೀಖು ಬರೆದ ಚೀಟಿ ಅಂಟಿಸಿ, ಐಸಿನ ಡಬ್ಬಿಯಲ್ಲಿಟ್ಟು, ಬಂಗಾರದಂತೆ ಕಾಪಾಡಿದರು. ಕಾಪಾಡಿದವಳು ನೀಲಿಯಕ್ಕ.

ಅವಳು ಅಲ್ಲಿಯ ಅಟೆಂಡರ್. ಸೇರಿ ಹದಿನೇಳು ವರ್ಷವಾಗಿತ್ತು. ಗಾಜಿನ ಸಾಮಾನು ತೊಳೆಯುವುದು, ದ್ರಾವಣ ಕಲಸುವುದು, ಬ್ಯುರೆಟ್ಟಿನ ಅಳತೆ ಕೊಳವೆ ತುಂಬಿಡುವುದು, ಏನಾದರೂ ಒಡೆದ ಹುಡುಗಿಯರನ್ನು ಬೈಯುವುದು ಅವಳ ಕೆಲಸ. ಕೊನೆಯದನ್ನು ಯಾರೂ ಒಪ್ಪಿಸಿರಲಿಲ್ಲ, ತಾನಾಗಿಯೇ ವಹಿಸಿಕೊಂಡಿದ್ದಳು. ಉಗುರಿನ ಸಂದಿಯಲ್ಲಿ ಯಾವಾಗಲೂ ನೀಲಿ ಬಣ್ಣ ಕೂತಿರುತ್ತಿದ್ದರಿಂದ ಹುಡುಗಿಯರು ಇಟ್ಟ ಹೆಸರು ಅದು. ಕೈ ಮಾತ್ರ ಬಲು ಹದ. ಬೇರೆಯವರು ಹನಿ ಬಿಟ್ಟರೆ ಒಂದು ದಪ್ಪ, ಒಂದು ಸಣ್ಣ. ಅವಳು ಬಿಟ್ಟರೆ ಮೊದಲ ಹನಿಗೂ ನೂರನೆಯ ಹನಿಗೂ ವ್ಯತ್ಯಾಸ ಹುಡುಕಲಾಗುತ್ತಿರಲಿಲ್ಲ. ಕಣ್ಣೀರು ಹಾಕಿದರೂ ಅಕ್ಕ ಎಣಿಸಿ ಹಾಕುತ್ತಾಳೆ ಎಂದು ಹುಡುಗಿಯರು ನಗುತ್ತಿದ್ದರು.

ಅವಳಿಗೆ ಬೇಕಾಗಿದ್ದದ್ದು ಒಂದೇ, ಒಂದು ಮಗು. ಮದುವೆಯಾದ ಎರಡನೆಯ ವರ್ಷ ಒಮ್ಮೆ ಬಸಿರು ನಿಂತಿತ್ತು, ಮೂರನೆಯ ತಿಂಗಳಿಗೆ ಹೋಯಿತು. ಆಮೇಲೆ ಏನೂ ಇಲ್ಲ. ಮೂವತ್ತೇಳು ತುಂಬಿದ ವರ್ಷ ಒಬ್ಬ ಡಾಕ್ಟರಮ್ಮನ ಹತ್ತಿರ ಹೋಗಿ ಬಂದಿದ್ದಳು. ಗಂಡ ಹೆಂಡತಿ ಇಬ್ಬರೂ ಬರಬೇಕು, ಇಷ್ಟಿಷ್ಟು ರಕ್ತ ಪರೀಕ್ಷೆ, ಒಂದು ಸ್ಕ್ಯಾನಿಂಗ್, ತಡ ಮಾಡಬೇಡಿ ಎಂದು ಆಕೆ ಚೀಟಿ ಬರೆದುಕೊಟ್ಟಿದ್ದರು. ಆ ಚೀಟಿ ಕೈಚೀಲದಲ್ಲಿ ಇದ್ದಾಗಲೇ ಪ್ರಯೋಗಾಲಯಕ್ಕೆ ಉಗುಳು ಬಂತು.

ಉಗುಳು ತರಿಸಿದವರು ಮೇಡಂ, ಅಂದರೆ ವಿಭಾಗದ ಮುಖ್ಯಸ್ಥೆ. ಹೆಂಗಸಿನ ಒಳಗೆ ಅಂಡಾಣು ಹೊರಬೀಳುವ ದಿನ ಅವಳ ಉಗುಳಿನಲ್ಲಿ ವಿಟಮಿನ್ ಸಿ ಏರುತ್ತದೆಯೇ ಎಂದು ನೋಡುವುದು ಅವರ ಸಂಶೋಧನೆ. ಏರುವುದು ನಿಜವಾದರೆ ರಕ್ತ ಬೇಡ, ಸ್ಕ್ಯಾನಿಂಗ್ ಬೇಡ, ಮನೆಯಲ್ಲೇ ಕೂತು ಬಸಿರಿನ ದಿನ ಗೊತ್ತು ಮಾಡಿಕೊಳ್ಳಬಹುದು. ಪರೀಕ್ಷೆಯೂ ಸುಲಭ. ಸಣ್ಣ ಗಾಜಿನ ನಳಿಕೆಯಲ್ಲಿ ಅಳತೆ ಮಾಡಿ ನೀಲಿ ಬಣ್ಣ ಹಾಕಬೇಕು. ಅದಕ್ಕೆ ಹನಿ ಹನಿಯಾಗಿ ಉಗುಳು ಬಿಟ್ಟು ಅಲ್ಲಾಡಿಸಬೇಕು. ವಿಟಮಿನ್ ತಾಗಿದಂತೆ ಬಣ್ಣ ಹೋಗುತ್ತದೆ. ಸಾಮಾನ್ಯ ದಿನ ಇಪ್ಪತ್ತೆರಡು ಹನಿಗೆ ಹೋಗುವ ಬಣ್ಣ ಕಡಿಮೆ ಹನಿಗೇ ಹೋದರೆ ವಿಟಮಿನ್ ಹೆಚ್ಚಿದೆ ಎಂದರ್ಥ. ಹದಿಮೂರಕ್ಕೆ ಇಳಿದರೆ ಅದೇ ಆ ದಿನ, ಎಂದು ಮೇಡಂ ಮೊದಲ ತಿಂಗಳೇ ಬೋರ್ಡಿನ ಮೇಲೆ ಒಂದು ಗೆರೆ ಎಳೆದು ಹುಡುಗಿಯರಿಗೆ ವಿವರಿಸಿದರು. ನೀಲಿಯಕ್ಕ ಹಿಂದೆ ನಿಂತು ನಳಿಕೆ ಒರೆಸುತ್ತ ಕೇಳಿಸಿಕೊಂಡಳು.

ಸಂಶೋಧನೆಗೆ ಮೂವತ್ತೈದರೊಳಗಿನವರು ಮಾತ್ರ ಬೇಕಾಗಿತ್ತು. "ನಂದೂ ಒಂದು ನೋಡ್ಬಹುದಾ ಮೇಡಂ?" ಎಂದು ಕೇಳಲು ಅವಳ ಬಾಯಿ ಎರಡು ಮೂರು ಸಲ ತೆರೆದು ಮುಚ್ಚಿಕೊಂಡಿತು. ನಲವತ್ತು ಹೆಂಗಸರ ಉಗುಳನ್ನು ಮುಟ್ಟುವವಳಿಗೆ ತನ್ನದನ್ನು ಮುಂದಿಡಲು ನಾಚಿಕೆಯಾಯಿತು. ಸರಿ, ಮನೆಯಲ್ಲೇ ಮಾಡಿಕೊಂಡರಾಯಿತು ಎಂದುಕೊಂಡಳು.

ಆದರೆ ಬಣ್ಣ ಬೇಕಲ್ಲ. ಪ್ರಯೋಗಾಲಯದಲ್ಲಿ ಅದನ್ನು ದಿನಾ ಬೆಳಿಗ್ಗೆ ಹೊಸದಾಗಿ ಕಲಸಿ, ಸಂಜೆ ಉಳಿದದ್ದನ್ನು ಸಿಂಕಿಗೆ ಚೆಲ್ಲುವ ಪದ್ಧತಿ. ಯಾವುದಾದರೂ ಹುಡುಗಿ ಸೋಮಾರಿತನದಿಂದ ನಿನ್ನೆಯ ಬಣ್ಣಕ್ಕೆ ಕೈಹಾಕಿದರೆ ನೀಲಿಯಕ್ಕ ಅವಳ ಜನ್ಮ ಜಾಲಾಡುತ್ತಿದ್ದಳು. ಹೊಸ ಬಣ್ಣ ಮನೆಗೆ ಒಯ್ದರೆ ಕದ್ದಂತಾಗುತ್ತದೆ. ಹದಿನೇಳು ವರ್ಷದಲ್ಲಿ ಅವಳು ಅಲ್ಲಿಂದ ಒಂದು ರಬ್ಬರ್ ಬಿರಡೆಯನ್ನೂ ಮನೆಗೆ ಒಯ್ದವಳಲ್ಲ. ಚೆಲ್ಲುವುದನ್ನು ಒಯ್ದರೆ ಯಾರ ಗಂಟು ಹೋಗುತ್ತದೆ? ಹಾಗೆಂದು ಮುಟ್ಟಾದ ಮೊದಲ ದಿನ ಸಂಜೆ, ಬ್ಯುರೆಟ್ಟಿನ ತಳದಲ್ಲಿ ಉಳಿದದ್ದನ್ನು ಕಂದು ಬಾಟಲಿಗೆ ಬಸಿದುಕೊಂಡು ಬಂದು ಮನೆಯ ಫ್ರಿಜ್ಜಿನ ಬಾಗಿಲಿನಲ್ಲಿಟ್ಟಳು. ಒಂದು ಬಾಟಲಿ ತಿಂಗಳಿಗೆ ಸಾಕಾಗುತ್ತಿತ್ತು. ಮುಂದಿನ ಮುಟ್ಟಿಗೆ ಹಳೆಯದನ್ನು ಚೆಲ್ಲಿ ಹೊಸ ಬಾಟಲಿ.

ದಿನಾ ಬೆಳಿಗ್ಗೆ ಎದ್ದ ಕೂಡಲೇ, ಹಲ್ಲುಜ್ಜುವ ಮೊದಲು, ಬಚ್ಚಲಿನ ಕಿಟಕಿಯ ಬೆಳಕಿಗೆ ನಳಿಕೆ ಹಿಡಿದು ಎಣಿಸುತ್ತಿದ್ದಳು. ಮೊದಲ ದಿನ ಇಪ್ಪತ್ತೆರಡು. ಒಂದು ವಾರಕ್ಕೆ ಹತ್ತೊಂಬತ್ತು. ಆಮೇಲೆ ಹದಿನೇಳು, ಹದಿನೈದು. ಹದಿನಾಲ್ಕನೆಯ ದಿನ ಸರಿಯಾಗಿ ಹದಿಮೂರನೆಯ ಹನಿಗೆ ನೀಲಿ ಹೋಯಿತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು ಅವಳಿಗೆ. ಇಷ್ಟು ವರ್ಷ ಬಾಯಿ ಬಿಡದ ಮೈ ಕೊನೆಗೊಮ್ಮೆ ಮಾತಾಡಿತ್ತು. ಪುಸ್ತಕದಲ್ಲೂ ಹದಿನಾಲ್ಕು ಅಂತಲೇ ಇದೆ ಎಂದು ಹುಡುಗಿಯೊಬ್ಬಳು ಹೇಳಿದ ಮೇಲಂತೂ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ಗಂಡ ದೂರದ ರೂಟಿನ ಬಸ್ ಡ್ರೈವರ್. ಮಿತಭಾಷಿ, ಹೆಂಡತಿಯ ಮಾತೆಂದರೆ ವೇದವಾಕ್ಯ. ತಿಂಗಳಲ್ಲಿ ಏಳೆಂಟು ರಾತ್ರಿ ಮನೆಯಲ್ಲಿದ್ದರೆ ಹೆಚ್ಚು. ಅವಳು ಬೆಳಿಗ್ಗೆ ಫೋನು ಮಾಡುತ್ತಿದ್ದಳು.

"ನೀಲಿ ಹೋಯ್ತುರೀ."

"ಹೂಂ. ಬರ್ತೀನಿ."

ಇಷ್ಟೇ ಮಾತು. ಆದರೆ ಬರುವುದು ಅಷ್ಟು ಸಲೀಸಲ್ಲ. ಮೇಲಿನ ಸಾಹೇಬರು ಹೂಂ ಅಂದರೂ ಡ್ಯೂಟಿ ಹಾಕುವ ಗುಮಾಸ್ತ ಊಹೂಂ ಅನ್ನುತ್ತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ. ಹಾಗಾಗಿ ಅವನು ಜೊತೆಯ ಡ್ರೈವರುಗಳ ಹತ್ತಿರ ಡ್ಯೂಟಿ ಅದಲುಬದಲು ಮಾಡಿಕೊಂಡು ಆ ದಿನಕ್ಕೆ ಮನೆ ಸೇರುತ್ತಿದ್ದ. ಯಾಕೆಂದು ಅವರು ಕೇಳುತ್ತಿರಲಿಲ್ಲ, ಮೀಸೆಯಡಿ ನಗುತ್ತಿದ್ದರು. ಅವರು ಬಿಟ್ಟುಕೊಟ್ಟ ಎರಡು ದಿನಕ್ಕೆ ಪ್ರತಿಯಾಗಿ ಅವನು ಮುಂದಿನ ವಾರವೆಲ್ಲ ಅವರ ಟ್ರಿಪ್ಪುಗಳನ್ನೂ ಸೇರಿಸಿ ಓಡಿಸುತ್ತಿದ್ದ. ಆ ವಾರ ಮನೆಯ ಕಡೆ ತಲೆ ಹಾಕಲಾಗುತ್ತಿರಲಿಲ್ಲ.

ಡಾಕ್ಟರಮ್ಮನ ಚೀಟಿ ಕೈಚೀಲದಿಂದ ಕಪಾಟಿಗೆ ಹೋಯಿತು. ದಿನವೇ ಕೈಯಲ್ಲಿರುವಾಗ ಡಾಕ್ಟರು ಯಾಕೆ? ಈ ತಿಂಗಳು ಆಗಲಿಲ್ಲ, ಬರುವ ತಿಂಗಳು ಆದೀತು. ಬೇಸಿಗೆಯಲ್ಲಿ ಹದಿಮೂರರ ಸಂಕೇತ ಹನ್ನೆರಡನೆಯ ದಿನಕ್ಕೇ ಬಂದುಬಿಡುತ್ತಿತ್ತು, ಚಳಿಗೆ ಹದಿನಾರಕ್ಕೆ ಜಾರುತ್ತಿತ್ತು. ಮೈಗೂ ಸೆಕೆ ಚಳಿ ಇರುತ್ತದಲ್ಲ ಎಂದುಕೊಂಡಳು. ಹೀಗೆ ಒಂದು ವರ್ಷ, ಎರಡು ವರ್ಷ, ಮೂರು, ನಾಲ್ಕು. ನಡುವೆ ಮೇಡಂ ಸಂಶೋಧನೆ ಮುಗಿಸಿ ಕಡತ ಕಟ್ಟಿಟ್ಟರು. ನೀಲಿ ಬಣ್ಣ ಮಾತ್ರ ಹುಡುಗಿಯರ ಪಾಠಕ್ಕೆಂದು ದಿನಾ ಕಲಸಬೇಕಾಗುತ್ತಿತ್ತು. ಹಾಗಾಗಿ ಬಾಟಲಿಗೆ ಬರ ಬರಲಿಲ್ಲ.

ಮನೆಯಲ್ಲಿದ್ದ ಮೂರನೆಯ ಜೀವ ಅತ್ತೆ. ಎಪ್ಪತ್ತೆರಡರ ಮುದುಕಿ. ನಾಲಗೆ ಚೂಪು, ಮನಸ್ಸು ಮೆತ್ತಗೆ. ಒಮ್ಮೆ ಸೊಸೆ ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಬಿಳಿ ಉಣ್ಣೆಯ ಉಂಡೆ ತಂದು ಮುಚ್ಚಿಟ್ಟಿದ್ದನ್ನು ಪತ್ತೆ ಮಾಡಿ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ," ಎಂದು ನಕ್ಕಿದ್ದಳು. ಸೊಸೆಯ ಮುಖ ನೋಡಿ ನಗು ನಿಲ್ಲಿಸಿ, "ತಂದಿದ್ದು ಒಳ್ಳೇದೇ ಆಯ್ತು ಬಿಡು, ನನಗೂ ಹೊತ್ತು ಹೋಗಲ್ಲ," ಎಂದು ತಾನೇ ಕಡ್ಡಿ ಹಿಡಿದು ಕೂತಿದ್ದಳು.

ನೀಲಿಯಕ್ಕನಿಗೆ ನಲವತ್ತೊಂದು ತುಂಬಿದ ವರ್ಷ, ಒಂದು ತಿಂಗಳು, ಹದಿನಾಲ್ಕನೆಯ ದಿನ ನೀಲಿ ಹೋಯಿತು, ಗಂಡ ಬರಲಿಲ್ಲ. ದಾರಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. ಬಸ್ಸು ಆಚೆ ಕಡೆ ಸಿಕ್ಕಿಕೊಂಡಿತ್ತು. ನಾಳೆ ಬಿಡ್ತಾರಂತೆ, ನಾಡಿದ್ದು ಬಿಡ್ತಾರಂತೆ ಎಂದು ಅವನು ಫೋನಿನಲ್ಲಿ ಹೇಳುತ್ತಲೇ ಇದ್ದ. ದಿನ ಇನ್ನೂ ಇದೆಯೋ ದಾಟಿಹೋಯಿತೋ ನೋಡಬೇಕಾಯಿತು ಅವಳಿಗೆ. ಅಲ್ಲಿಯವರೆಗೆ ಒಮ್ಮೆಯೂ ಹದಿಮೂರು ಸಿಕ್ಕ ಮೇಲೆ ಅವಳು ಎಣಿಸಿರಲಿಲ್ಲ. ಸಿಕ್ಕ ಮೇಲೆ ಹುಡುಕುವವರು ಯಾರು?

ಹದಿನೈದನೆಯ ದಿನ ಹನ್ನೆರಡು ಹನಿ. ಪರವಾಗಿಲ್ಲ, ದಿನ ಇನ್ನೂ ಇದೆ. ಹದಿನಾರಕ್ಕೆ ಹತ್ತು. ಹದಿನೇಳಕ್ಕೆ ಎಂಟು. ಇಷ್ಟು ಗಟ್ಟಿಯಾದ ಸಂಕೇತ ಬರಬಹುದೆಂದು ಮೇಡಂ ಕೂಡ ಹೇಳಿರಲಿಲ್ಲ. ಹದಿನೇಳನೆಯ ದಿನ ಸಂಜೆ ಗಂಡ ಧೂಳು ಮೆತ್ತಿಕೊಂಡು ಬಂದ, ಒಂದು ರಾತ್ರಿ ಇದ್ದು ಹೋದ. ಈ ಸಲ ಆಗಿಯೇ ಆಗುತ್ತದೆ ಎಂದು ಅವಳಿಗೆ ಖಾತ್ರಿಯಾಯಿತು. ಸಂತೋಷ ತಡೆಯಲಾರದೆ ಇಪ್ಪತ್ತನೆಯ ದಿನವೂ ನೋಡಿದಳು. ನಾಲ್ಕು ಹನಿ.

ನಾಲ್ಕು ಹನಿ ಎಂದಾಗ ಇಪ್ಪತ್ತೊಂದು ವರ್ಷದ ಅನುಭವ ಅವಳ ಕೈ ಹಿಡಿದು ನಿಲ್ಲಿಸಿತು. ನಾಲ್ಕು ಹನಿಗೆ ಈ ಬಣ್ಣ ಹೋಗಬೇಕಾದರೆ ಬಾಯಿಯಲ್ಲಿ ನಿಂಬೆಹಣ್ಣು ಇರಬೇಕು. ಆಮೇಲೆ ನಡುಮನೆಗೆ ಹೋಗಿ ಅತ್ತೆಯ ಮುಂದೆ ಒಂದು ಖಾಲಿ ನಳಿಕೆ ಹಿಡಿದಳು.

"ಅತ್ತೆ, ಇದಕ್ಕೆ ಸ್ವಲ್ಪ ಉಗುಳಿ."

ಮುದುಕಿ ಕನ್ನಡಕದ ಮೇಲಿಂದ ನೋಡಿದಳು. "ಯಾಕೇ? ಇಷ್ಟು ದಿನ ನನ್ನ ಮಾತು ಬೇಡ ಅಂತಿದ್ದೆ, ಈಗ ಉಗುಳು ಬೇಕಾಯ್ತಾ?"

"ತಮಾಷೆ ಬೇಡ ಅತ್ತೆ. ಉಗುಳಿ."

ಮುದುಕಿ ಉಗುಳಿದಳು. ಅವಳು ಬಚ್ಚಲಿಗೆ ಹೋಗಿ, ಕಿಟಕಿಯ ಬೆಳಕಿಗೆ ಹಿಡಿದು ಹನಿ ಬಿಟ್ಟಳು. ಒಂದು. ಎರಡು. ಮೂರು. ನಾಲ್ಕು. ನೀಲಿ ಹೋಯಿತು.

"ಏನು ಬಂತೇ?" ಎಂದು ಅತ್ತೆ ಅಲ್ಲಿಂದಲೇ ಕೂಗಿದಳು.

"ನಿಮಗೂ ಮಕ್ಕಳಾಗೋ ದಿನ ಅತ್ತೆ," ಎಂದಳು ಅವಳು. ಮುದುಕಿ ಬಿದ್ದು ಬಿದ್ದು ನಗುವುದು ಕೇಳಿಸಿತು. ನೀಲಿಯಕ್ಕ ಬಚ್ಚಲಿನ ನೆಲದ ಮೇಲೆ ಕೂತುಬಿಟ್ಟಳು.

ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಆ ಬಣ್ಣ ತಾನಾಗಿಯೇ ಸಾಯುವ ಬಣ್ಣ. ಬಾಟಲಿಯಲ್ಲಿ ಇಟ್ಟಲ್ಲೇ ದಿನದಿಂದ ದಿನಕ್ಕೆ ಅದರ ಶಕ್ತಿ ಇಳಿಯುತ್ತದೆ, ಇಳಿದಂತೆ ಅದನ್ನು ಕೊಲ್ಲಲು ಕಡಿಮೆ ಹನಿ ಸಾಕಾಗುತ್ತದೆ. ದಿನಾ ಹೊಸದು ಕಲಸುವುದು ಅದಕ್ಕೇ. ಹುಡುಗಿಯರನ್ನು ಅವಳು ಇಪ್ಪತ್ತೊಂದು ವರ್ಷ ಬೈದದ್ದೂ ಅದಕ್ಕೇ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಮುಟ್ಟಾದ ದಿನ ತುಂಬಿಸಿದ ಬಾಟಲಿ ಎರಡು ವಾರಕ್ಕೆ ಅರೆಬರೆ ಸತ್ತು ಹದಿಮೂರಕ್ಕೆ ಇಳಿಯುತ್ತಿತ್ತು. ಸೆಕೆಗೆ ಬೇಗ ಕೆಟ್ಟು, ಚಳಿಗೆ ತಡವಾಗಿ ಕೆಟ್ಟು, ಅವಳ ಮೈಗೆ ಋತು ಕಟ್ಟಿತ್ತು. ನಾಲ್ಕು ವರ್ಷ ಅವಳು ಎಣಿಸಿದ್ದು ತನ್ನ ದಿನವನ್ನಲ್ಲ, ಬಾಟಲಿಯ ವಯಸ್ಸನ್ನು. ವಾರಕ್ಕೊಮ್ಮೆ ಹೊಸ ಬಣ್ಣ ಕದ್ದಿದ್ದರೂ ಎರಡೇ ತಿಂಗಳಲ್ಲಿ ಗುಟ್ಟು ಬಯಲಾಗುತ್ತಿತ್ತು. ಕದಿಯಬಾರದೆಂಬ ನಿಯತ್ತೇ ಅವಳನ್ನು ಮುಳುಗಿಸಿತು.

ಆ ತಿಂಗಳೂ ಮುಟ್ಟಾಯಿತು. ಆದರೂ ಆಸೆ ಬಿಡಲಿಲ್ಲ. ಬಾಟಲಿ ಸುಳ್ಳಾದರೆ ಉಗುಳೂ ಸುಳ್ಳಾಗಬೇಕೆಂದೇನಿದೆ? ಈ ಸಲ ಸರಿಯಾಗಿ ಮಾಡಿದಳು. ಎಲ್ಲರಿಗಿಂತ ಒಂದು ಗಂಟೆ ಮೊದಲು ಹೋಗಿ, ಭಾನುವಾರವೂ ಕಾವಲುಗಾರನಿಂದ ಬೀಗ ತೆಗೆಸಿ, ಆಗಷ್ಟೇ ಕಲಸಿದ ಬಣ್ಣಕ್ಕೆ ತನ್ನ ಉಗುಳು ಬಿಟ್ಟು ನೋಡಿದಳು. ಒಂದು ಮುಟ್ಟಿನಿಂದ ಇನ್ನೊಂದು ಮುಟ್ಟಿಗೆ ಮೂವತ್ತಾರು ದಿನ. ಇಪ್ಪತ್ತೆರಡು, ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತೆರಡು. ಒಂದು ದಿನವೂ ಏನೂ ಏರಲಿಲ್ಲ, ಏನೂ ಇಳಿಯಲಿಲ್ಲ.

ಮೇಡಂ ನಿವೃತ್ತಿಯ ಹೊಸ್ತಿಲಲ್ಲಿದ್ದರು. ಕೋಣೆಯಲ್ಲಿ ಪುಸ್ತಕ ಪೆಟ್ಟಿಗೆಗೆ ತುಂಬುತ್ತಿದ್ದಾಗ ನೀಲಿಯಕ್ಕ ಹೋಗಿ ನಿಂತಳು. ತನ್ನದೆಂದು ಹೇಳಲಿಲ್ಲ.

"ಮೇಡಂ, ಆ ಉಗುಳಿಂದು ಕೊನೆಗೆ ಏನಾಯ್ತು?"

"ಅದಾ? ಏನೂ ಆಗ್ಲಿಲ್ಲ ನೀಲಿಯಕ್ಕ. ಐದಾರು ಜನಕ್ಕೆ ಏರ್ತು, ನಾಲ್ಕೈದು ಜನಕ್ಕೆ ಇಳೀತು, ಉಳಿದೋರಿಗೆ ಎರಡೂ ಇಲ್ಲ. ಅದನ್ನ ನಂಬಿ ಏನೂ ಹೇಳೋಕಾಗಲ್ಲ ಅಂತ ಬರೆದು ಮುಚ್ಚಿದ್ವಿ."

"ಮತ್ತೆ ಆ ಹದಿಮೂರು?"

"ಮೊದಲ ತಿಂಗಳು ಒಬ್ಬಳಿಗೆ ಹಾಗೆ ಬಂದಿತ್ತು. ಅಂದಾಜಿಗೆ ಒಂದು ಗೆರೆ ಎಳೆದಿದ್ದೆ. ಮೂರನೇ ತಿಂಗಳಿಗೇ ಅದನ್ನ ಬಿಟ್ಟಿದ್ವಲ್ಲ. ನಿನಗೆ ಹೇಳ್ಲಿಲ್ವಾ ಯಾರೂ?"

ಇಲ್ಲ ಎಂದಳು. ನಳಿಕೆ ತೊಳೆಯುವವಳಿಗೆ ಯಾರು ಹೇಳುತ್ತಾರೆ? ನಳಿಕೆ ತೊಳೆಯಲು ಗೆರೆ ಯಾವುದೆಂದು ತಿಳಿಯಬೇಕಾಗಿಲ್ಲ. ಮೇಡಂ ಒಳ್ಳೆಯವರೇ, ಆದರೆ ಆ ಗಳಿಗೆ ಅವರ ಪೆಟ್ಟಿಗೆಯನ್ನು ಕಾಲಿನಿಂದ ಒದೆಯಬೇಕೆನಿಸಿತು ಅವಳಿಗೆ. ಒದೆಯಲಿಲ್ಲ. ದಾರ ತಂದು ಕಟ್ಟಿಕೊಟ್ಟಳು.

ಅದೇ ವಾರ ಕಪಾಟಿನಿಂದ ಹಳೆಯ ಚೀಟಿ ತೆಗೆದು ಡಾಕ್ಟರಮ್ಮನ ಹತ್ತಿರ ಹೋದಳು. ಮಡಿಕೆಯ ಜಾಗದಲ್ಲಿ ಅಕ್ಷರ ಅಳಿಸಿಹೋಗಿತ್ತು. ಅವರು ಅದರ ತಾರೀಖು ನೋಡಿ, ಅವಳ ಮುಖ ನೋಡಿ, "ಎಲ್ಲಿ ಹೋಗಿದ್ರಿ ಇಷ್ಟು ವರ್ಷ?" ಎಂದರು. ರಕ್ತ ತೆಗೆದರು, ಸ್ಕ್ಯಾನಿಂಗ್ ಮಾಡಿದರು. ನಾಲ್ಕು ದಿನ ಬಿಟ್ಟು ಬರಹೇಳಿ ಎದುರಿಗೆ ಕೂರಿಸಿಕೊಂಡರು.

"ಸುಳ್ಳು ಆಸೆ ಕೊಡಲ್ಲಮ್ಮ. ಅಂಡಾಣು ಹೆಚ್ಚು ಕಮ್ಮಿ ಮುಗಿದುಹೋಗಿದೆ. ಔಷಧಿ ಕೊಟ್ಟು ಎಬ್ಬಿಸೋಕೂ ಏನಾದ್ರೂ ಉಳಿದಿರಬೇಕು."

"ನಾಲ್ಕು ವರ್ಷದ ಹಿಂದೆ ಬಂದಿದ್ರೆ?"

ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಆಗ ನೋಡ್ಬಹುದಾಗಿತ್ತು," ಎಂದರು.

ಎದ್ದು ಹೊರಡುವಾಗ ಅವಳು ಕೇಳಬಾರದ್ದನ್ನು ಕೇಳಿದಳು. ತನಗೆ ಯಾವಾಗಲೂ ಮೂವತ್ತಾರು ದಿನಕ್ಕೆ ಮುಟ್ಟಾಗುವುದು, ಹಾಗಾದರೆ ತನ್ನ ದಿನ ಹದಿನಾಲ್ಕೇ ಇತ್ತೇ? ಡಾಕ್ಟರಮ್ಮ ತಲೆಯಾಡಿಸಿದರು. ಹದಿನಾಲ್ಕು ಇಪ್ಪತ್ತೆಂಟು ದಿನದವರಿಗೆ. ನಿಮಗೆ ಇಪ್ಪತ್ತೆರಡರ ಸುಮಾರಿಗೆ ಇದ್ದೀತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ, ಇವಳು ಮುಟ್ಟಿನ ದಿನಗಳ ಲೆಕ್ಕ ಬಿಟ್ಟು ಹನಿ ಎಣಿಸುತ್ತ ಕೂತಿದ್ದಳು.

ಗಂಡ ಬಂದದ್ದು ಭಾನುವಾರ ಮಧ್ಯಾಹ್ನ. ಅತ್ತೆ ಒಳಗೆ ಮಲಗಿದ್ದಳು. ಅವನು ಊಟ ಮುಗಿಸಿ ಜಗಲಿಯ ಮೇಲೆ ಕಾಲು ಚಾಚಿ ಕೂತ ಮೇಲೆ ಅವಳು ಎಲ್ಲವನ್ನೂ ಹೇಳಿದಳು. ಬಾಟಲಿ, ನಾಲ್ಕು ಹನಿ, ಅತ್ತೆಯ ಉಗುಳು, ಮೇಡಂ, ಡಾಕ್ಟರಮ್ಮ, ಒಂದನ್ನೂ ಬಿಡಲಿಲ್ಲ. ಬೈಯಲಿ ಎಂದು ಕಾದಳು. ಅವನು ಅಂಗೈ ನೋಡಿಕೊಳ್ಳುತ್ತ ಕೂತಿದ್ದ. ಸ್ಟೇರಿಂಗ್ ಹಿಡಿದು ಹಿಡಿದು ಅಲ್ಲಿ ಚರ್ಮ ಗಂಟುಕಟ್ಟಿತ್ತು.

"ಹಾಗಾದ್ರೆ ನಮ್ಮ ದಿನ ಯಾವ್ದಿತ್ತು?" ಎಂದ ಕೊನೆಗೆ.

"ಇಪ್ಪತ್ತೆರಡರ ಹತ್ತಿರ ಇತ್ತಂತೆ."

"ಆಗ ನಾನು ಅವರ ಡ್ಯೂಟಿ ತೀರಿಸೋ ಟ್ರಿಪ್‌ನಲ್ಲಿ ಇರ್ತಿದ್ದೆ."

"ಹೌದು."

ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಅವರು ಮರೆಯಾಗುವ ತನಕ ಅವನು ಅತ್ತಲೇ ನೋಡುತ್ತಿದ್ದ.

"ಎರಡು ವರ್ಷದ ಹಿಂದೆ ನನಗೆ ಊರೊಳಗಿನ ರೂಟ್ ಕೊಡ್ತೀವಿ ಅಂದಿದ್ರು," ಎಂದ.

ಅವಳಿಗೆ ಇದು ಗೊತ್ತಿರಲಿಲ್ಲ. "ಯಾವ ರೂಟ್?"

"ಸ್ಟೇಷನ್ನಿಂದ ಆಸ್ಪತ್ರೆ ತನಕ. ಹದಿನೈದು ದಿನ ಹಗಲು ಪಾಳಿ, ಹದಿನೈದು ದಿನ ರಾತ್ರಿ. ಹಗಲು ಪಾಳೀಲಿ ಸಂಜೆ ಆರಕ್ಕೆಲ್ಲ ಮನೇಲಿ ಇರಬಹುದು. ನಾನೇ ಬೇಡ ಅಂದೆ."

"ಯಾಕ್ರೀ?"

"ಅಲ್ಲಿ ಡ್ಯೂಟಿ ಬದಲಾಯಿಸ್ಕೊಳ್ಳೋಕೆ ಬಿಡಲ್ಲ. ನೀಲಿ ಹೋಗೋ ದಿನ ನಂಗೆ ರಾತ್ರಿ ಪಾಳಿ ಬಿದ್ರೆ ತಪ್ಪಿಹೋಗತ್ತಲ್ಲ. ನಿನಗೆ ಹೇಳಿದ್ರೆ ತಗೊಳ್ಳಿ ಅಂತಿದ್ದೆ, ನನ್ನ ಬೆನ್ನುನೋವು ನೋಡಿ. ಅದಕ್ಕೇ ಹೇಳ್ಲಿಲ್ಲ."

ತಿಂಗಳಿಗೆ ಹದಿನೈದು ರಾತ್ರಿ. ಎರಡು ವರ್ಷಕ್ಕೆ ಇಪ್ಪತ್ತನಾಲ್ಕು ತಿಂಗಳು. ಬೇಡವೆಂದರೂ ಅವಳ ತಲೆ ಎಣಿಸಿ ಮುಗಿಸಿತು, ಮುನ್ನೂರ ಅರವತ್ತು.

"ಈಗ ಆ ರೂಟ್ ಕೇಳಿದ್ರೆ ಕೊಡ್ತಾರಂತಾ?" ಎಂದು ಕೇಳಿದಳು.

"ಕೊಡ್ತಾರೆ. ಮೊನ್ನೆ ಮತ್ತೆ ಕೇಳಿದ್ರು," ಎಂದ ಅವನು. "ತಗೊಳ್ಲಾ?"

ಇಬ್ಬರೂ ಸಂಜೆಯಾಗುವವರೆಗೆ ಅಲ್ಲೇ ಕೂತಿದ್ದರು, ಯಾರನ್ನು ಬೈಯಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.